ಕಂಬಳಿ ಹೊದ್ದು ಬೇಯುವ ಊಟ

ಬೆಳಗಿನ ಜಾವ. ಬೀದಿದೀಪಗಳು ಆಕಳಿಸುತ್ತಿವೆ. ದೊಡ್ಡ ಲಾಂಡ್ರಿಯ ಹಿಂದಿನ ಓಣಿಯ ಕೊನೆಯ ಮನೆಯಲ್ಲಿ ಅತ್ತೆ ಹೇಳಿಕೊಟ್ಟಂತೆ ಸೊಸೆ ಒಂದು ಪಾತ್ರೆಯನ್ನು ಮಂಚದ ಮೇಲೆ ಮಲಗಿಸುತ್ತಿದ್ದಾಳೆ. ಮಲಗಿಸುವುದೆಂದರೆ ಸುಮ್ಮನೆ ಇಡುವುದಲ್ಲ. ಕೆಳಗೆ ಹಾಸಿಗೆ, ಸುತ್ತ ನಾಲ್ಕು ದಿಂಬು, ಮೇಲೆ ಕಂಬಳಿ. ಆ ಕಂಬಳಿಯ ದಪ್ಪ ಎಷ್ಟೆಂದರೆ, ಮುಳುಗುವ ಸೂರ್ಯನನ್ನು ಅದರಲ್ಲಿ ಸುತ್ತಿಟ್ಟರೆ ಬೆಳಗಿನವರೆಗೂ ಅವನ ಬಿಸಿ ಆರದು.

“ಕಿವಿ ಮುಚ್ಚೇ, ಗಾಳಿ ಹೋಗುತ್ತೆ.”

“ಪಾತ್ರೆಗೆ ಕಿವಿ ಎಲ್ಲಿಂದ ಬಂತು ಅತ್ತೆ?”

“ಎರಡು ಕಡೆ ಹಿಡಿ ಇದ್ಯಲ್ಲ, ಅದೇ ಕಿವಿ. ಇನ್ನೂ ಮೇಲಕ್ಕೆಳಿ.”

ನೆಲದ ಚಾಪೆಯಿಂದ ಮಾವನವರು ತಲೆ ಎತ್ತುತ್ತಾರೆ. “ಮದುವೆಯಾದ ಹೊಸದರಲ್ಲಿ ಆ ಮಂಚ ನಂದಾಗಿತ್ತು. ಈಗ ಪಾತ್ರೆ ಮೇಲೆ, ನಾನು ಕೆಳಗೆ. ಅದಕ್ಕೆ ಕಂಬಳಿ, ನನಗೆ ಟವೆಲ್ಲು.”

“ನೀವು ಬೆಂದು ಯಾರ ಹೊಟ್ಟೆ ತುಂಬಬೇಕು? ಸುಮ್ನೆ ಮಲಗಿ,” ಅನ್ನುತ್ತಾರೆ ಅತ್ತೆ.

ಓಣಿಗೆಲ್ಲ ಇವರು ಕಂಬಳಿ ಅತ್ತೆ. ಲಾಂಡ್ರಿಯಲ್ಲಿ ಹಗಲೆಲ್ಲ ಒದ್ದೆ ಬಟ್ಟೆ ಹಿಂಡಿ ಬೆರಳು ಸುಕ್ಕುಗಟ್ಟಿಸಿಕೊಂಡು, ಮನೆಗೆ ಬಂದು ಒಲೆ ಹಚ್ಚುವ ತ್ರಾಣವಿಲ್ಲದವರಿಗೆ ಬಿಸಿಬಿಸಿ ರಾತ್ರಿಯೂಟ ಇವರದು. ದಿನಕ್ಕೆ ನಲವತ್ತು ಜನ ಉಣ್ಣುತ್ತಾರೆಂದು ಅತ್ತೆ ಹೇಳುತ್ತಾರೆ. ನಂಬಬೇಡಿ, ಅದು ಸಂಕೋಚದ ಲೆಕ್ಕ. ಇವರ ಈರುಳ್ಳಿಯ ಘಮ ಮೂಸಿಯೇ ಹೊಟ್ಟೆ ತುಂಬಿಸಿಕೊಳ್ಳುವವರನ್ನು ಸೇರಿಸಿದರೆ ಅರ್ಧ ಪಟ್ಟಣವಾಗುತ್ತದೆ. ಬೆಕ್ಕುಗಳನ್ನು ನಾನು ಎಣಿಸಿಯೇ ಇಲ್ಲ.

ಹಿಂದೆ ಅತ್ತೆಯೂ ಅದೇ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಲ್ಲುತ್ತಿದ್ದವರು. ಒಮ್ಮೆ ಕಾಳು ಅರ್ಧ ಬೆಂದಿರುವಾಗಲೇ ಪಾಳಿಗೆ ಕರೆ ಬಂತು. ಸೀಮೆಎಣ್ಣೆಯೂ ತಳ ಕಂಡಿತ್ತು. ಸಿಟ್ಟಿನಲ್ಲಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಎಸೆದಂತೆ ಇಟ್ಟು ಹೋದರು. “ಸಂಜೆ ಬಂದು ಬಿಚ್ತೀನಿ, ಕಾಳು ಬೆಣ್ಣೆ ಆಗಿದೆ! ನಾನು ಕೆಲಸ ಮಾಡ್ತಿದ್ದಾಗ ಅದೂ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು ಅನ್ನಿ,” ಎಂದು ಅತ್ತೆ ಈಗಲೂ ಹೇಳುತ್ತಾರೆ.

ವಿದ್ಯೆ ಸರಳ. ನೆನೆಸಿದ ಕಾಳು. ಸಣ್ಣ ಉರಿಯಲ್ಲಿ, ಅವಸರ ಮಾಡದೆ, ಜೇನಿನ ಬಣ್ಣ ಬರುವ ತನಕ ಬಾಡಿಸಿದ ಈರುಳ್ಳಿ. ದಪ್ಪ ದಪ್ಪ ಹೆಚ್ಚಿದ ಆಲೂಗಡ್ಡೆ, ಕ್ಯಾರೆಟ್ಟು. ಪಾತ್ರೆ ಕತ್ತಿನ ಮಟ್ಟ ತುಂಬಿರಬೇಕು, ಅರೆಖಾಲಿ ಪಾತ್ರೆ ಬೇಗ ಆರುತ್ತದೆ. ಅರ್ಧ ಗಂಟೆ ಕೊತಕೊತ ಕುದಿಸಿ, ಮುಚ್ಚಳ ಬಿಗಿದು, ಮಲಗಿಸಿದರೆ ಆಯಿತು. ಉಪ್ಪು ಹಾಕುವುದು ಪಾತ್ರೆ ನಿದ್ದೆಯಿಂದ ಎದ್ದ ಮೇಲೆ. ಕಠಿಣವಾದ ನಿಯಮ ಒಂದೇ: ಸಂಜೆಯವರೆಗೆ ಯಾರೂ ಮುಚ್ಚಳ ತೆಗೆಯಬಾರದು.

ಇವತ್ತು ಆ ನಿಯಮ ಕಾಯಬೇಕಾದವಳು ಸೊಸೆ. ವರ್ಷಗಟ್ಟಲೆ ತುಂಬಿದ ಪಾತ್ರೆ ಎತ್ತಿ ಅತ್ತೆಯ ಮಣಿಕಟ್ಟು ಸೋತಿದೆ. ಇನ್ನು ಭಾರ ಮುಟ್ಟಕೂಡದೆಂದು ಡಾಕ್ಟರು ಪಟ್ಟಿ ಸುತ್ತಿ ಕಳಿಸಿದ್ದಾರೆ. ಸೊಸೆ ಬಟ್ಟೆ ಹೊಲಿಯುವವಳು, ಮಿಂಚಿನ ಕೈಯವಳು. ಆಕೆ ಹೊಲಿದ ಅಂಗಿಗೆ ದಾರವೇ ಆಮೇಲೆ ಓಡಿಬಂದು ಸೇರಿಕೊಳ್ಳುತ್ತದೆ. ಕಾಯುವುದೊಂದು ಬಿಟ್ಟು ಮಿಕ್ಕೆಲ್ಲ ಬಲ್ಲಳು.

“ಇವತ್ತು ಒಲೆ ನಿಂದು. ಇದು ಬೆಂದ್ರೆ ಅಡುಗೆಮನೆ ಉಳೀತು. ಬೇಯ್ಲಿಲ್ವಾ, ನಾಳೆಯಿಂದ ಮುಚ್ಚಿಬಿಡೋಣ. ಹಸಿದು ಬಂದೋರಿಗೆ ಅರೆಬೆಂದದ್ದು ಹಾಕಲ್ಲ ನಾನು,” ಎಂದು ಅತ್ತೆ ಹೇಳಿದಾಗ ಸೊಸೆ ತಮಾಷೆ ಮಾಡುವುದನ್ನು ನಿಲ್ಲಿಸುತ್ತಾಳೆ.

ಮಧ್ಯಾಹ್ನ ಓಣಿ ತೂಕಡಿಸುತ್ತದೆ. ತಂತಿಯ ಮೇಲಿನ ಬಿಳಿ ಹಾಸುಗಳು ನಿದ್ದೆಯಲ್ಲಿ ಉಸಿರಾಡುವಂತೆ ಉಬ್ಬಿ ಇಳಿಯುತ್ತವೆ. ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಸೊಸೆ ಹೊಸಿಲ ಮೇಲೆ ಬಂದು ನಿಲ್ಲುತ್ತಾಳೆ, ಮುಖ ಸಣ್ಣದಾಗಿದೆ.

“ಅತ್ತೆ, ತೆಗೆದುಬಿಟ್ಟೆ.”

“ಎಷ್ಟು ಹೊತ್ತು?”

“ಒಂದು ಕಾಳು ಕಚ್ಚಿ ನೋಡೋವಷ್ಟು.”

“ಬೆಂದಿತ್ತಾ?”

“ಇಲ್ಲ. ಅದಕ್ಕೇ ಇನ್ನೊಂದು ಕಚ್ಚಿದೆ.”

“ಆಮೇಲೆ?”

“ಆಮೇಲೆ... ಇನ್ನೊಂದು.”

ಮಾವನವರು ಗೋಡೆಯ ಕಡೆ ತಿರುಗಿ ನಗು ನುಂಗುತ್ತಾರೆ. ಅತ್ತೆ ಬೈಯುವುದಿಲ್ಲ, ಉಪಾಯವನ್ನೂ ಹೇಳುವುದಿಲ್ಲ. “ನನ್ನ ಮುಖ ಯಾಕೆ ನೋಡ್ತೀಯ? ಒಲೆ ನಿಂದು ಅಂದ್ನಲ್ಲ.”

ಸೊಸೆ ಸೆರಗು ಸಿಕ್ಕಿಸಿ, ಪಾತ್ರೆಯನ್ನು ಮತ್ತೆ ಒಲೆಗೇರಿಸುತ್ತಾಳೆ. ಇಂಗಿದಷ್ಟು ಬಿಸಿನೀರು ಸೇರಿಸಿ, ಕತ್ತಿನ ಮಟ್ಟ ತುಂಬಿಸಿ, ಚೆನ್ನಾಗಿ ಕುದಿಸುತ್ತಾಳೆ. ಮತ್ತೆ ಮಂಚದ ಮೇಲೆ ಮಲಗಿಸಿ, ಹೊದಿಸಿದ ಕಂಬಳಿಯ ಮೇಲೆ ತನ್ನ ಹೊಲಿಗೆಯ ತುಂಡುಬಟ್ಟೆಗಳನ್ನೆಲ್ಲ ಸುರಿಯುತ್ತಾಳೆ. ಆದರೂ ತನ್ನ ಕೈಯ ಮೇಲೆ ಆಕೆಗೆ ನಂಬಿಕೆಯಿಲ್ಲ. ಆ ಕೈಗಳನ್ನು ಕಟ್ಟಿಹಾಕಲೆಂದೇ ಮಂಚ ಹತ್ತಿ ಗಂಟನ್ನು ತಬ್ಬಿಕೊಂಡು ಕೂರುತ್ತಾಳೆ. ಒಳಗಿನ ಬಿಸಿ ನಿಧಾನವಾಗಿ ಎದೆಗೆ ಹತ್ತುತ್ತದೆ. ಕಣ್ಣು ತಾನಾಗಿ ಮುಚ್ಚುತ್ತದೆ.

ಲಾಂಡ್ರಿಯ ಸೈರನ್ನು ಕೂಗಿ, ಜನ ಡಬ್ಬಿ ಹಿಡಿದು ಬಂದಾಗಲೂ ಆಕೆ ಎದ್ದಿಲ್ಲ. ಬಾಗಿಲಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಾರೆ.

“ಏನತ್ತೆ, ಇವತ್ತು ಮೆನು ಸೊಸೇನಾ?” ಇಸ್ತ್ರಿಯವನು ಪಿಸುಗುಡುತ್ತಾನೆ.

“ಬಾಯಿ ಮುಚ್ಕೊಂಡು ನಿಲ್ಲೋ. ಇನ್ನೂ ಬೇಯ್ತಾ ಇದೆ. ಹೊತ್ತಾಗುತ್ತೆ.”

“ಹಸಿವು ಕೇಳ್ಬೇಕಲ್ಲ.”

“ಕೇಳುತ್ತೆ. ನೀನು ಕೇಳಿದ್ರೆ ಅದೂ ಕೇಳುತ್ತೆ.”

ಹೀಗೆ ಇಡೀ ಸಾಲು ಮೆಟ್ಟಿಲ ಮೇಲೆ, ಜಗಲಿಯ ಮೇಲೆ ಕುಳಿತುಕೊಳ್ಳುತ್ತದೆ. ಸೋಪಿನ ವಾಸನೆಯ ಜನ, ಗೋಡೆಗೆ ಒರಗಿ, ಒಬ್ಬರ ಹೆಗಲಿಗೆ ಒಬ್ಬರು ತಲೆಯಾನಿಸಿ. ಅಂದು ಆ ಓಣಿಯಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ, ಇರುವೆಯೊಂದು ಸೀನಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ದೀಪ ಹತ್ತಿದ ಮೇಲೆ ಸೊಸೆ ಧಡಕ್ಕನೆ ಏಳುತ್ತಾಳೆ. ಬಾಗಿಲ ತುಂಬ ಮುಖಗಳು. ನಾಚಿಕೊಳ್ಳಲೂ ಪುರುಸೊತ್ತಿಲ್ಲ. ಬಟ್ಟೆ ಸರಿಸಿ, ಕಂಬಳಿ ಬಿಚ್ಚಿ, ಮುಚ್ಚಳ ಎತ್ತುತ್ತಾಳೆ. ಆವಿ ಮೋಡದ ಹಾಗೆ ಎದ್ದು ಮನೆಯೆಲ್ಲ ಮಸುಕಾಗುತ್ತದೆ. ಆ ಮಸುಕಿನೊಳಗೆ ಉಪ್ಪು ಬೆರೆಸಿ ಕದಡುವ ಸೌಟಿನ ಸದ್ದು ಮಾತ್ರ.

“ಮೊದಲನೇ ತಟ್ಟೆ ಇಲ್ಲಿ ಕೊಡು,” ಅನ್ನುತ್ತಾರೆ ಅತ್ತೆ.

ಒಲೆಯ ಬದಿಯಲ್ಲಿ ಯಾವತ್ತೂ ಬಡಿಸುತ್ತ ನಿಲ್ಲುತ್ತಿದ್ದವರು ಮೊದಲ ಸಲ ಮಣೆ ಎಳೆದುಕೊಂಡು ಕೂರುತ್ತಾರೆ. ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟು, ಎಡಗೈಯಲ್ಲಿ ಚಮಚ ಹಿಡಿದು ಒಂದು ಕಾಳನ್ನು ತಟ್ಟೆಯಂಚಿಗೆ ಒತ್ತುತ್ತಾರೆ. ಅದು ಮೆತ್ತಗೆ ಹರಡಿಕೊಳ್ಳುತ್ತದೆ. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಾರೆ. ಸೊಸೆ ಸೌಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ.

“ಹೇಳಿ ಅತ್ತೆ.”

“ಉಪ್ಪು ಒಂದು ಚಿಟಿಕೆ ಮುಂದಾಗಿದೆ.”

“ಮತ್ತೆ?”

ಅತ್ತೆ ತಟ್ಟೆ ಮುಂದೆ ಚಾಚುತ್ತಾರೆ. “ಇನ್ನೊಂದು ಸೌಟು ಹಾಕು. ನಾಳೆ ಬೆಳಿಗ್ಗೆ ನನ್ನ ಎಬ್ಬಿಸ್ಬೇಡ.”