ಕಾರಿನ ಎಣ್ಣೆ, ಸುಶೀಲಾಳ ನೀರು

ನಿನ್ನೆ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ, ಉಕ್ಕಿಸಲಿಲ್ಲ. ಸುಶೀಲಾಳ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಹೀರೇಕಾಯಿ ಹೆಚ್ಚಿ ಬಿಸಿನೀರಿನಲ್ಲಿ ನೆನೆಯಿಟ್ಟು ಆ ನೀರು ಚೆಲ್ಲಿದೆ. ಅವಳ ದಿನದ ಪಾಲಿನ ಕುಡಿಯುವ ನೀರನ್ನು ಅಳೆದು ತಂಬಿಗೆಗೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿದೆ. ಎರಡು ಸೀರೆ ಒಣಹಾಕಿದೆ. ಒಂದರ ಸೆರಗು ನೆಲಕ್ಕೆ ತಾಗಿತ್ತು, ಬೈಸಿಕೊಂಡೆ. ಮಧ್ಯಾಹ್ನ ನಾಚಾರಂಗೆ ಹೋಗಿ ಕಾರು ತಂದೆ. ಸಂಜೆ ಕೊತ್ತಂಬರಿ ಸೋಸಿದೆ.

ಈ ಪಟ್ಟಿಯಲ್ಲಿ ಒಂದು ಕೆಲಸ ಇಲ್ಲ. ಕಾರು ಮನೆಗೆ ಬಂದರೂ ಅದರ ಎಣ್ಣೆ ನೋಡಲಿಲ್ಲ. ನಿಮಗೆ ಇದು ಹೇಳಿಕೊಳ್ಳುವಂಥ ಮಾತು ಅನ್ನಿಸಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಾತ್ರ ದೇವರ ದೀಪ ಹಚ್ಚುವುದು ಒಂದು ದಿನ ತಪ್ಪಿದ್ದುಂಟು, ಕಾರು ಮನೆಯಲ್ಲಿದ್ದ ದಿನ ಅದರ ಎಣ್ಣೆ ನೋಡುವುದು ತಪ್ಪಿದ್ದಿಲ್ಲ.

ನಮ್ಮದು ಹದಿನೆಂಟು ವರ್ಷದ ಬಿಳಿ ಕಾರು. ಈಗ ಅದರ ಬಿಳುಪು ಹಳೆಯ ಪಿಂಗಾಣಿ ಬಟ್ಟಲಿನ ಬಿಳುಪು. ಪೆಟ್ರೋಲು ಕುಡಿಯುವುದು ಕಾರಿನ ಧರ್ಮ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಆದರೆ ಎಂಜಿನ್ ಎಣ್ಣೆ ಕುಡಿಯುವುದು ಚಟ. ಒಳಗಿನ ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ನಡುವೆ ನಿಲ್ಲಬೇಕಾದ ಎಣ್ಣೆಯನ್ನೇ ಅದು ಪೆಟ್ರೋಲಿನ ಜೊತೆ ಸುಟ್ಟು ಹಾಕತೊಡಗಿತ್ತು. ಮೊದಮೊದಲು ತಿಂಗಳಿಗೊಂದು ಡಬ್ಬಿ, ಆಮೇಲೆ ಹದಿನೈದು ದಿನಕ್ಕೊಂದು, ಕೊನೆಗೆ ವಾರಕ್ಕೊಂದು. ನಾನು ಕಾರ್ಖಾನೆಯ ನಕ್ಷೆ ವಿಭಾಗದವನು. ಕೂದಲೆಳೆಯಷ್ಟು ಗೆರೆ ಆಚೀಚೆ ಆದರೆ ನಿದ್ದೆ ಬರದ ಜಾತಿ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಣ್ಣೆಯ ಕಡ್ಡಿ ಎಳೆದು, ಹಳೇ ಬನಿಯನ್ನಿನ ಚೂರಿನಿಂದ ಒರೆಸಿ, ಮತ್ತೆ ಅದ್ದಿ, ಬಿಸಿಲಿನ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಎಣ್ಣೆ ಎಲ್ಲಿ ನಿಂತಿದೆ ಎಂಬುದರ ಮೇಲೆ ನನ್ನ ಮುಖದ ಬಣ್ಣ ನಿಂತಿರುತ್ತಿತ್ತು. ಬರೀ ಸೋರುತ್ತಿದ್ದರೆ ಸಣ್ಣ ರಿಪೇರಿಯಲ್ಲಿ ಮುಗಿದೀತು ಎಂಬ ಆಸೆಯಿಂದ ಕಾರಿನ ಕೆಳಗೆ ದಿನಪತ್ರಿಕೆ ಹಾಸಿಟ್ಟೆ. ಒಂದು ವಾರದ ನಂತರ ತೆಗೆದು ನೋಡಿದರೆ ಒಂದು ಹನಿ ಕಲೆಯಿಲ್ಲ. ಅಷ್ಟು ಸ್ವಚ್ಛ ಪತ್ರಿಕೆ ನೋಡಿ ಅಷ್ಟು ದುಃಖ ಪಟ್ಟವನು ಹೈದರಾಬಾದಿನ ಹಿಮಾಯತ್‌ನಗರದಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ನಾವಿಬ್ಬರೇ. ಸುಶೀಲಾ ನನ್ನ ಹೆಂಡತಿ, ಬೀದರದವಳು. ನಾನು ಬಾಗಲಕೋಟೆಯವನು. ಅವಳು ‘ಅದ’ ಅನ್ನುತ್ತಾಳೆ, ನಾನು ‘ಐತಿ’ ಅನ್ನುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಇಬ್ಬರೂ ಒಂದಿಂಚು ಸರಿದಿಲ್ಲ. ಎರಡು ವರ್ಷದ ಕೆಳಗೆ ಅವಳ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟವು. ಅಂದಿನಿಂದ ಮಂಗಳವಾರ, ಶುಕ್ರವಾರ ಆಸ್ಪತ್ರೆಗೆ ಹೋಗಿ ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕುಡಿಯುವಂತಿಲ್ಲ. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಬಂತು. ತರಕಾರಿಯೊಳಗಿನ ಕೆಲವು ಲವಣಗಳೂ ಅವಳಿಗೆ ಆಗದು, ಹೀರೇಕಾಯಿ ನೆನೆಯಿಟ್ಟ ನೀರು ಚೆಲ್ಲುವುದು ಅದಕ್ಕೇ.

ಆದ್ದರಿಂದ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡು ಬಗೆಯ ಗುರುತುಗಳಿದ್ದವು. ಆಸ್ಪತ್ರೆಯ ದಿನಕ್ಕೆ ಅಡ್ಡಗೀಟು, ಕಾರಿಗೆ ಎಣ್ಣೆ ಹಾಕಿದ ದಿನಕ್ಕೆ ಚುಕ್ಕೆ. ಆಸ್ಪತ್ರೆಯ ಗೀಟುಗಳು ವಾರಕ್ಕೆ ಎರಡೇ. ಚುಕ್ಕೆಗಳು ಮಾತ್ರ ಇರುವೆಯಂತೆ ಒಂದರ ಹಿಂದೊಂದು ಹತ್ತಿರ ಬರುತ್ತಿದ್ದವು. ಒಂದು ಬೇಸಿಗೆಯ ಬೆಳಿಗ್ಗೆ ನಾನು ಬಾನೆಟ್ಟು ಎತ್ತಿ ಡಬ್ಬಿ ಬಗ್ಗಿಸುವುದನ್ನು ಅವಳು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಬಾಯಲ್ಲಿ ಒಂದು ಚೂರು ಮಂಜುಗಡ್ಡೆ ಇತ್ತು. ಬಾಯಾರಿಕೆಗೆ ಅವಳು ಕಂಡುಕೊಂಡ ಉಪಾಯ ಅದು.

“ಅದಕ್ಕ ಬೇಡಿದಷ್ಟು ಕುಡಸ್ತೀರಿ. ನನಗ ನೋಡಿದ್ರ ತಂಬಿಗಿ ಅಳದು ಕೊಡ್ತೀರಿ,” ಅಂದಳು. “ಮುಂದಿನ ಜನ್ಮದಾಗ ಎಂಜಿನ್ ಆಗಿ ಹುಟ್ತೀನಿ ನೋಡ್ರಿ.”

“ಆವಾಗೂ ನಾನ ಎಣ್ಣಿ ಹಾಕಬೇಕೇನು?”

“ಮತ್ಯಾರ ಹಾಕ್ತಾರ? ರೂಢಿ ಆಗೇದಲ್ಲ ನಿಮಗ.”

ನಾನು ಡಬ್ಬಿಯ ಕೊನೆಯ ಹನಿ ಬೀಳುವ ತನಕ ಬಗ್ಗಿಸಿಯೇ ಹಿಡಿದಿದ್ದೆ.

ಎಣ್ಣೆ ಅಳೆಯುವುದು ನಮ್ಮ ಮನೆತನಕ್ಕೆ ಹೊಸತೂ ಅಲ್ಲ. ನನ್ನ ಅಜ್ಜ ಊರ ಮಠದ ನಂದಾದೀಪ ನೋಡಿಕೊಳ್ಳುತ್ತಿದ್ದರು. ಎಣ್ಣೆ ಬೇಗ ತೀರಿದರೆ ಅವರು ಎಣ್ಣೆಯನ್ನು ಬೈಯುತ್ತಿರಲಿಲ್ಲ, ಬತ್ತಿ ಬಿಚ್ಚಿ ನೋಡುತ್ತಿದ್ದರು. ದಪ್ಪ ಹೊಸೆದಿದ್ದರೆ ಮತ್ತೆ ತೆಳ್ಳಗೆ ಹೊಸೆಯುತ್ತಿದ್ದರು. ಬಿಚ್ಚಿ ನೋಡುವ ಧೈರ್ಯ ಅವರ ಮೊಮ್ಮಗನಿಗೆ ಇಳಿದು ಬರಲಿಲ್ಲ. ಡಬ್ಬಿ ತಂದು ಸುರಿಯುವುದು ಮಾತ್ರ ಬಂತು. ದೀಪವನ್ನೂ ಜೀವವನ್ನೂ ಪಕ್ಕಪಕ್ಕ ಇಟ್ಟು ಮಾತಾಡುವವರು ಬಹಳ ಮಂದಿ ಇದ್ದಾರೆ. ಆಸ್ಪತ್ರೆಯ ಬೆಂಚಿನ ಮೇಲೆ ವಾರಕ್ಕೆ ಎಂಟು ತಾಸು ಕೂತವನಿಗೆ ಆ ಹೋಲಿಕೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಸುಶೀಲಾಳ ಪಕ್ಕದ ಮಂಚದವರು ಆಗಾಗ ಬದಲಾಗುತ್ತಿದ್ದರು. ಯಾಕೆಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಶುಕ್ರವಾರ ಆಸ್ಪತ್ರೆಯಿಂದ ಬರುವಾಗ ಟ್ಯಾಂಕ್‌ಬಂಡ್ ಕೆರೆ ಏರಿಯ ರಸ್ತೆಯ ಮೇಲೆ ನಮ್ಮ ಹಿಂದೆ ನೀಲಿ ಹೊಗೆಯ ಪರದೆಯೇ ಎದ್ದಿತು. ಹಿಂದಿನ ಸ್ಕೂಟರಿನವನು ಮುಂದೆ ಬಂದು ಮೂಗು ಮುಚ್ಚಿಕೊಂಡು ತೆಲುಗಿನಲ್ಲಿ ಎರಡು ಮಾತು ಹೇಳಿ ಹೋದ. ಮನೆಗೆ ಹೋಗದೆ ಸೀದಾ ನಮ್ಮ ಮೆಕ್ಯಾನಿಕ್ ಖಾದರ್ ಭಾಯಿಯ ಅಂಗಡಿಯ ಮುಂದೆ ನಿಲ್ಲಿಸಿದೆ. ಸುಶೀಲಾ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದಳು. ಯಂತ್ರದಿಂದ ಎದ್ದ ದಿನ ಅವಳಿಗೆ ಕೂರಲು ತ್ರಾಣವಿರುವುದಿಲ್ಲ.

ಖಾದರ್ ಭಾಯಿ ನಮ್ಮ ಕಾರನ್ನು ಹತ್ತು ವರ್ಷದಿಂದ ಬಲ್ಲವರು. ಎಂಜಿನ್ ಚಾಲೂ ಇಟ್ಟು, ಎಣ್ಣೆ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಅಂಗೈ ಹಿಡಿದರು. ವೈದ್ಯರು ಕೂಸಿನ ಮೂಗಿನ ಹತ್ತಿರ ಹಿಡಿದಂತೆ ಇತ್ತು. ಒಳಗಿನಿಂದ ಬಿಸಿ ಉಸಿರು ಪುಸುಪುಸು ಬರುತ್ತಿತ್ತು. ಆಮೇಲೆ ಹೊಗೆ ಕೊಳವೆಯ ಮುಂದೆ ಬಿಳಿ ಕಾಗದ ಹಿಡಿದರು. ಸಣ್ಣ ಸಣ್ಣ ಎಣ್ಣೆ ಚುಕ್ಕೆ ಬಿದ್ದವು.

“ರಿಂಗಾಂ ಗಯೇ ಸಾಬ್,” ಅಂದರು. ಪಿಸ್ಟನ್ನಿನ ಉಂಗುರಗಳು ಸವೆದಿವೆ. ಎಂಜಿನ್ ಬಿಚ್ಚಬೇಕು, ನಾಚಾರಂನ ಲೇತಿನ ಅಂಗಡಿಗೆ ಒಯ್ದು ಸಿಲಿಂಡರು ಕೊರೆಸಬೇಕು, ಹೊಸ ಉಂಗುರ ಹಾಕಬೇಕು. ಮೂರು ವಾರದ ಕೆಲಸ. ಇಲ್ಲವೇ ದಪ್ಪ ಎಣ್ಣೆ ಹಾಕುತ್ತ ಹಾಗೇ ತಳ್ಳುತ್ತ ಹೋಗಬಹುದು, ವರ್ಷವೊಂದು ನಡೆದೀತು. ಇಷ್ಟು ಹೇಳಿ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿ ಕೇಳಿದರು:

“ಕಿತ್ತೇ ದಿನ್ ಚಲಾನೇ ಕಾ ಹೈ, ಸಾಬ್?”

ಎಷ್ಟು ದಿನ ಓಡಿಸಬೇಕು ಎಂಬುದು ಮೆಕ್ಯಾನಿಕ್ ಕೇಳಬೇಕಾದ ಪ್ರಶ್ನೆಯೇ. ಅವರ ಮೇಲೆ ನನಗೆ ಇನಿತೂ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಬಾಯಿಯ ಮೇಲೆ. ಅದು ಒಂದು ಕ್ಷಣವೂ ತಡೆಯದೆ ಉತ್ತರ ಕೊಟ್ಟಿತು.

“ಏಕ್ ಸಾಲ್ ಚಲೇ ತೋ ಬಸ್ ಹೈ, ಭಾಯಿ.”

ಒಂದು ವರ್ಷ ನಡೆದರೆ ಸಾಕು. ಯಾರೂ ನನಗೆ ಒಂದು ವರ್ಷ ಎಂದು ಹೇಳಿರಲಿಲ್ಲ, ಡಾಕ್ಟರೂ ಹೇಳಿರಲಿಲ್ಲ. ನನಗೇ ತಿಳಿಯದಂತೆ ನನ್ನೊಳಗೆ ಯಾವನೋ ಒಬ್ಬ ನಕ್ಷೆಯವನು ಅಳತೆಪಟ್ಟಿ ಹಿಡಿದು ಕೂತು ಗೆರೆ ಎಳೆದುಬಿಟ್ಟಿದ್ದ.

ಇಲ್ಲಿ ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ಊರಿನ ನಮ್ಮಂಥ ಕನ್ನಡದವರಿಗೆ ಒಂದು ಅಭ್ಯಾಸ ಇದೆ. ಅಂಗಡಿಯವನ ಮುಂದೆ ಗುಟ್ಟು ಮಾತಾಡಬೇಕಾದರೆ ಕನ್ನಡಕ್ಕೆ ಹೊರಳುತ್ತೇವೆ. “ಬ್ಯಾಡ ಬಾ, ಮುಂದಿನ ಅಂಗಡಿ ನೋಡೂಣು” ಎಂದು ಅವನ ಎದುರೇ ನಗುನಗುತ್ತ ಹೇಳುತ್ತೇವೆ. ಹೀಗೆ ವರ್ಷಗಟ್ಟಲೆ ಮಾಡಿ ಮಾಡಿ, ಕನ್ನಡದಲ್ಲಿ ಆಡಿದ್ದು ಒಳಗಿನ ಮಾತು, ಹೈದರಾಬಾದಿ ಉರ್ದುವಿನಲ್ಲಿ ಆಡಿದ್ದು ಹೊರಗಿನ ಮಾತು, ಅದು ಚಪ್ಪಲಿಯಂತೆ ಹೊಸ್ತಿಲಾಚೆಯೇ ಉಳಿಯುತ್ತದೆ ಎಂದು ನನಗೊಂದು ಭ್ರಮೆ ಬೆಳೆದಿತ್ತು. ಅವಳು ಎಚ್ಚರವಿದ್ದರೂ ಅದು ಅವಳನ್ನು ಮುಟ್ಟುವುದಿಲ್ಲ ಎಂಬಂತೆ ಆಡಿಬಿಟ್ಟೆ. ಬೀದರದ ಹೆಣ್ಣುಮಗಳಿಗೆ ನನಗಿಂತ ಚೆನ್ನಾಗಿ ಉರ್ದು ಬರುತ್ತದೆ.

ಭಾನುವಾರ ಬೆಳಿಗ್ಗೆ ನಾನು ಎಣ್ಣೆಯ ಕಡ್ಡಿ ಒರೆಸುತ್ತಿದ್ದಾಗ ಕಟ್ಟೆಯ ಮೇಲೆ ಬಂದು ಕೂತಳು.

“ರೀ, ಒಂದ ವರ್ಷ ಯಾಕ ಅಂದ್ರಿ?”

“ಯಾವುದು?”

“ಖಾದರ್ ಭಾಯಿ ಕೇಳಿದ್ರಲ್ಲ. ಏಕ್ ಸಾಲ್ ಅಂದ್ರಿ. ಎರಡ ಯಾಕ ಅನ್ಲಿಲ್ಲ?”

“ನೀ ಮಲಗಿದ್ದಿ.”

“ಕಣ್ಣ ಮುಚ್ಚಿದ್ದೆ. ಕಿವಿ ಮುಚ್ಚಲಾಕ ಬರ್ತದೇನ್ರಿ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಬರುತ್ತದೆ, ತೀರ ಕೆಟ್ಟದಾಗಿ ಬರುತ್ತದೆ. “ಮೂರ ವಾರ ಕಾರಿಲ್ಲದ ಹ್ಯಾಂಗ ಮಾಡೂದು ಅಂತ ಹಂಗ ಅಂದೆ. ಆಟೋದಾಗ ಭಾಳ ಕುಕ್ಕತೈತಿ, ನಿನಗ ತ್ರಾಸ ಆಕ್ಕೈತಿ.”

“ಆಗವಲ್ದ್ಯಾಕ. ಮೂರ ವಾರ ಕುಕ್ಕಿಸ್ಕೋತೀನಿ.” ಅವಳ ದನಿ ಏರಲಿಲ್ಲ. ಸೊಪ್ಪಿನವಳ ಹತ್ತಿರ ಮಾತಾಡುವಷ್ಟೇ ಇತ್ತು. “ನನ್ನ ಆಯುಷ್ಯ ನೋಡ್ಕೊಂಡು ಕಾರಿನ ರಿಪೇರಿ ಮಾಡಸ್ಬ್ಯಾಡ್ರಿ. ಅದು ಬ್ಯಾರೆ, ಇದು ಬ್ಯಾರೆ. ಎಂಜಿನ್ ಬಿಚ್ಚಸ್ರಿ.”

ನಾನು ಕಡ್ಡಿ ಹಿಡಿದುಕೊಂಡೇ ನಿಂತಿದ್ದೆ. ಎಣ್ಣೆ ಅದರ ತುದಿಗಿಳಿದು ನನ್ನ ಪಾದದ ಮೇಲೆ ಬಿತ್ತು. ತಪ್ಪಾಯಿತು ಅನ್ನಬೇಕೆಂದಿದ್ದೆ. ಯಾವ ಭಾಷೆಯಲ್ಲಿ ಅಂದರೆ ಅದು ಒಳಗಿನ ಮಾತಾದೀತು ಎಂದು ಹೊಳೆಯಲಿಲ್ಲ. “ನಾಳೆನ ಒಯ್ದು ಬಿಡ್ತೀನಿ,” ಅಂದೆ. ಅವಳು “ಕಾಲ ಒರಸ್ಕೋರಿ, ಮನಿಯೆಲ್ಲ ಎಣ್ಣಿ ಮಾಡೀರಿ” ಅಂದಳು. ನಮ್ಮಲ್ಲಿ ಕ್ಷಮೆ ಕೇಳುವುದೂ ಕೊಡುವುದೂ ಇಷ್ಟರಲ್ಲೇ ಮುಗಿಯುತ್ತದೆ.

ಮೂರು ವಾರ ಆಟೋದಲ್ಲಿ ಹೋದೆವು. ಒಂದೊಂದು ಗುಂಡಿಗೂ ಅವಳು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಬೆಳಿಗ್ಗೆ ಕಡ್ಡಿ ನೋಡುವ ಕೆಲಸವಿಲ್ಲದೆ ನಾನು ಖಾಲಿ ಜಾಗದ ಮುಂದೆ ಬನಿಯನ್ನಿನ ಚೂರು ಹಿಡಿದು ನಿಂತದ್ದನ್ನು ಒಂದೆರಡು ಸಲ ಅವಳು ನೋಡಿದಳು. ಆ ವಾರಗಳಲ್ಲಿ ನಾನು ನೋಡುತ್ತಿದ್ದದ್ದು ಅವಳನ್ನು. ಎರಡು ವರ್ಷದಿಂದ ಅವಳು ಮಲಗಿದ ಮೇಲೆಯೇ ನಾನು ಮಲಗುವುದು. ಉಸಿರು ಒಂದು ಲಯಕ್ಕೆ ಬಂತೆಂದು ಕೇಳಿಸಿಕೊಂಡ ಮೇಲೆ ನನಗೆ ನಿದ್ದೆ. ಅಳೆಯುವ ಚಟ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ.

ನಿನ್ನೆ ನಾಚಾರಂನ ಲೇತಿನ ಅಂಗಡಿಯಿಂದ ಕಾರು ತಂದೆನಲ್ಲ, ಖಾದರ್ ಭಾಯಿ ಅಲ್ಲಿಗೇ ಬಂದಿದ್ದರು. ಹೊಸ ಉಂಗುರಗಳು ಹಳೆಯ ಎಂಜಿನ್ನಿಗೆ ಹೊಂದಿಕೊಳ್ಳುವ ತನಕ, ಅಂದರೆ ಮೊದಲ ಸಾವಿರ ಕಿಲೋಮೀಟರು, ನಲವತ್ತರ ಮೇಲೆ ಓಡಿಸಕೂಡದಂತೆ. “ನಯೀ ದುಲ್ಹನ್ ಹೈ ಸಾಬ್, ದಬಾವೋ ನಕ್ಕೋ,” ಹೊಸ ಮದುಮಗಳು, ಅವಸರಪಡಿಸಬೇಡಿ ಅಂದರು. ಸಾವಿರ ಆದ ಮೇಲೆ ಎಣ್ಣೆ ಬದಲಿಸಲು ಬರಬೇಕೆಂದು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿದರು.

ಮನೆಯ ಮುಂದೆ ನಿಲ್ಲಿಸಿದೊಡನೆ ಸುಶೀಲಾ ಕಟ್ಟೆ ಇಳಿದು ಬಂದಳು. ಸದ್ದು ಕೇಳಿದಳು, ಹೊಗೆ ನೋಡಿದಳು. ಹೊಗೆ ಇರಲೇ ಇಲ್ಲ. ಆಮೇಲೆ ಹಿಂದಿನ ಬಾಗಿಲು ಬಿಟ್ಟು ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ. ಗಾಜಿನ ಚೀಟಿ ಓದಿ ಬೆರಳು ಮಡಿಚಿ ಎಣಿಸಿದಳು.

“ದವಾಖಾನಿಗಿ ಹೋಗಿ ಬಂದ್ರ ಹದಿನಾಕ ಕಿಲೋಮೀಟರ. ವಾರಕ್ಕ ಎರಡ ಸಲ. ಸಾವಿರ ಆಗಲಾಕ ಎಂಟ ತಿಂಗಳ ದಾಟ್ತದ.”

“ಹೂಂ,” ಅಂದೆ. ಎಂಟು ತಿಂಗಳು ಎಂಬುದು ನನಗೆ ದಾರಿಯಲ್ಲೇ ಲೆಕ್ಕ ಸಿಕ್ಕಿತ್ತು. ಆದರೆ ಈ ಸಲ ಬಾಯಿ ಬಿಟ್ಟಿರಲಿಲ್ಲ.

“ಎಂಟ ತಿಂಗಳ ದವಾಖಾನಿ ದಾರಿ ಒಂದೇ ತೋರಿಸಿದ್ರ ಇದರ ಮನಸ್ಸ ಮುರೀತದ್ರಿ. ಐತವಾರ ಬೀದರಕ್ಕ ಹೋಗಿ ಬರೂಣು.”

“ನಲವತ್ತರ ಮ್ಯಾಲೆ ಹೋಗಂಗಿಲ್ಲ. ಭಾಳ ಹೊತ್ತು ಹಿಡೀತೈತಿ.”

“ಹಿಡೀಲಿ. ಯಾರಿಗಿ ಅವಸರ ಅದ?”

ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಭಾನುವಾರದ ಮನೆಗೆ ಅವಳೇ ಒಂದು ಗುರುತು ಹಾಕಿದಳು. ಅಡ್ಡಗೀಟೂ ಅಲ್ಲ, ಚುಕ್ಕೆಯೂ ಅಲ್ಲ. ಒಂದು ಸಣ್ಣ ಸೊನ್ನೆ. ನಾನು ಕಾರಿಗೆ ಬೀಗ ಹಾಕುವಾಗ ಅಭ್ಯಾಸಬಲದಿಂದ ಬಾನೆಟ್ಟಿನ ಮೇಲೆ ಕೈ ಹೋಯಿತು. ಎತ್ತದೆ, ಒಂದಿಷ್ಟು ಧೂಳು ಒರೆಸಿ ಒಳಗೆ ಬಂದೆ.

ನಿನ್ನೆಯ ಊಟ: ಅನ್ನ, ಉಪ್ಪು ಕಡಿಮೆಯ ಹೀರೇಕಾಯಿ ಪಲ್ಯ, ನನಗೆ ಮಾತ್ರ ಬೆಳಗಿನ ಎರಡು ರೊಟ್ಟಿ, ಶೇಂಗಾ ಚಟ್ನಿ. ಅವಳ ತಂಬಿಗೆಯಲ್ಲಿ ಎರಡು ಗುಟುಕು ಉಳಿದಿತ್ತು, ಬೇಕೆಂದೇ ಉಳಿಸಿದ್ದಳು. ಮೊದಲು ಮಲಗಿದ್ದು ನಾನಂತೆ. ನನಗೆ ಗೊತ್ತಿಲ್ಲ, ಬೆಳಿಗ್ಗೆ ಅವಳೇ ಹೇಳಿದಳು: ದಿಂಬಿಗೆ ತಲೆ ಕೊಟ್ಟವನೇ ಗೊರಕೆ ಶುರು ಮಾಡಿದೆನಂತೆ, ಅವಳು ಒಂದಷ್ಟು ಹೊತ್ತು ಕೇಳುತ್ತ ಎಚ್ಚರವಿದ್ದಳಂತೆ. “ನಿಮ್ದೂ ಎಂಜಿನ್ ಒಮ್ಮೆ ಬಿಚ್ಚಸ್ಬೇಕ್ರಿ,” ಅಂದಳು.