ಮೇಷ್ಟ್ರು ಹೇಳುತ್ತಿದ್ದ ಮ್ಜೀಯ ಕತೆ

ಮೊನ್ನೆ ಹಳೆಯ ಕೈಚೀಲ ಕೊಡವಿದಾಗ ಒಂದು ಕೀನ್ಯಾದ ನಾಣ್ಯ ಉದುರಿತು. ಅದರ ಮೇಲೆ ಆ ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಮೊದಲ ಅಧ್ಯಕ್ಷರ ಗಡ್ಡದ ಮುಖ. ನೈರೋಬಿಯಲ್ಲಿ ಎಲ್ಲರೂ ಅವರನ್ನು ಮ್ಜೀ, ಅಂದರೆ ಹಿರಿಯರು, ಎನ್ನುತ್ತಿದ್ದರು. ನನಗೆ ಮಾತ್ರ ಆ ಮುಖ ಕಂಡರೆ ನೆನಪಾಗುವುದು ಅಲ್ಲಿ ನಾವಿದ್ದ ಸೌತ್ ಬಿ ಬಡಾವಣೆಯ ಪಕ್ಕದ ಮನೆಯ ಮೇಷ್ಟ್ರು... ಜೊತೆಗೇ ಆ ಹಳೆಯ ಭಯವೂ ಎದ್ದು ಕೂರುತ್ತದೆ.

ಚರಿತ್ರೆ ಕಲಿಸಿ ನಿವೃತ್ತರಾದವರು. ಸಂಜೆ ನಮ್ಮ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ನನ್ನ ಚಹಾ ಬರೀ ನೀರು ಎಂದು ದೂರುತ್ತಲೇ ಕುಡಿದು, ನನ್ನ ಮಗಳಿಗೆ ಮ್ಜೀಯ ಕತೆ ಹೇಳುತ್ತಿದ್ದರು. ಕುರಿ ಕಾಯ್ದ ತಬ್ಬಲಿ, ಮಿಷನ್ ಶಾಲೆಯಲ್ಲಿ ಕಲಿತ ಬಡಗಿ ಕೆಲಸ, ಲಂಡನ್ನಿನ ವರ್ಷಗಳು, ಉತ್ತರದ ಮರುಭೂಮಿಯ ಜೈಲು. ಮ್ಜೀ ಚಾಮರ ಬೀಸುತ್ತಿದ್ದ ಠೀವಿ ತೋರಿಸಲು ಅವರಿಗೆ ನಮ್ಮ ಪೊರಕೆಯೇ ಬೇಕು. ನನ್ನನ್ನು ಅಲ್ಲಿಯ ರೂಢಿಯಂತೆ ಮಾಮಾ, ಅಂದರೆ ಅಮ್ಮ, ಎನ್ನುವರು. ಮೀಸೆಯಿಲ್ಲದ ಮಾಮ ಎಂದು ನನ್ನ ಗಂಡ ರೇಗಿಸುತ್ತಿದ್ದರು.

ಜೈಲಿನ ಕತೆಗೆ ಬಂದರೆ ಮೇಷ್ಟ್ರ ದನಿ ತಗ್ಗುತ್ತಿತ್ತು. ಆ ಕಾಲದಲ್ಲಿ ಬಿಳಿಯ ಸೈನಿಕರು ಇವರ ಹಳ್ಳಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರಂತೆ. ಎದುರಿಗೆ, ಕಣ್ಣಿಗೆ ತೂತು ಬಿಟ್ಟ ಗೋಣಿಚೀಲ ಹೊದ್ದ ಒಬ್ಬ ಊರವನೇ. ಬಂಡಾಯಗಾರರು ಯಾರೆಂದು ಅವನು ತಲೆಯಾಡಿಸಿ ತೋರಿಸಬೇಕು. ಇವರ ಅಪ್ಪನ ಮುಂದೆ ತಲೆಯಾಡಿಸಿದ. ಅಪ್ಪ ಮತ್ತೆ ಬರಲಿಲ್ಲ.

2007ರ ಕೊನೆಯಲ್ಲಿ ಚುನಾವಣೆ ಮುಗಿದದ್ದೇ ಊರು ಹೊತ್ತಿಕೊಂಡಿತು. ಮೇಷ್ಟ್ರು ಮ್ಜೀಯ ಬುಡಕಟ್ಟಿನವರು; ಮೋಸದಿಂದ ಗೆದ್ದರೆಂದು ಜನ ಸಿಟ್ಟಾಗಿದ್ದ ಅಧ್ಯಕ್ಷರೂ ಅದೇ ಬುಡಕಟ್ಟು. ಹಿಂದಿನ ಬೀದಿಯಲ್ಲಿ ಆ ಬುಡಕಟ್ಟಿನವರನ್ನು ಹುಡುಕಿ ಹೊಡೆಯುತ್ತಿದ್ದಾರೆಂದು ಸುದ್ದಿ ಬಂತು. ನಾವು ಮುಹಿಂಡಿಗಳು, ಭಾರತದವರು, ನಮ್ಮ ಕಾರನ್ನು ಯಾರೂ ಮುಟ್ಟಲಾರರು ಎಂದು ನನ್ನ ಗಂಡ ಧೈರ್ಯ ಮಾಡಿದರು. ನಮ್ಮ ಮಗಳನ್ನು ಎದುರುಮನೆಯಲ್ಲಿ ಬಿಟ್ಟು, ಮೇಷ್ಟ್ರನ್ನು ಹೈರಿಡ್ಜಿನಲ್ಲಿದ್ದ ಅವರ ಮಗಳ ಮನೆಗೆ ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು.

ತಿರುವಿನಲ್ಲಿ ಟೈರುಗಳು ಉರಿಯುತ್ತಿದ್ದವು. ಮಚ್ಚು ಹಿಡಿದವರು ಬಾನೆಟ್ ಗುದ್ದಿ ನಿಲ್ಲಿಸಿದರು. ಒಬ್ಬ ಕಿಟಕಿಗೆ ಬಗ್ಗಿ, ಈ ಮುದುಕ ಆ ಬುಡಕಟ್ಟಿನವನೇ ಎಂದು ನನ್ನ ಗಂಡನನ್ನು ಕೇಳಿದ. ಗಂಡನ ಬಾಯಿಂದ ಮಾತು ಹೊರಡಲಿಲ್ಲ. ತಲೆ ಮಾತ್ರ ಆಚೀಚೆ ಅಲುಗಿತು... ನಮ್ಮ ಕಡೆ ಹೌದು, ಸರಿ ಎನ್ನುವಾಗ ಅಲುಗುತ್ತದಲ್ಲ, ಹಾಗೆ. ಅಲ್ಲಿಯವರಿಗೆ ತಲೆ ಅಡ್ಡಕ್ಕೆ ಆಡಿತೆಂದರೆ ಅಲ್ಲ ಎಂದೇ ಅರ್ಥ. ಅವನು ಮಚ್ಚಿನಿಂದ ದಾರಿ ತೋರಿಸಿ ಬಿಟ್ಟುಬಿಟ್ಟ.

ಮೇಷ್ಟ್ರ ಜೀವ ಉಳಿಯಿತೆಂದು ನನಗೆ ಅಳುವೇ ಬಂತು. ಅವರು ಮಗಳ ಮನೆ ಮುಂದೆ ಇಳಿದು, ಕಾರಿನ ಬಾಗಿಲು ಹಿಡಿದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

"ಮಾಮಾ, ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿದ್ದೇನೆ. ನಿಮ್ಮವರ ತಲೆಯಾಟ ನನಗೆ ಗೊತ್ತು. ನಿಮ್ಮ ಯಜಮಾನರು ಹೌದು ಅಂದರು."

"ಹೆದರಿಬಿಟ್ಟರು, ಮ್ವಾಲಿಮು," ಎಂದೆ. ಅಲ್ಲಿ ಮೇಷ್ಟ್ರನ್ನು ಕರೆಯುವುದೇ ಹಾಗೆ.

"ಗೋಣಿಚೀಲದವನೂ ಹೆದರಿದ್ದ."

ಊರು ತಣ್ಣಗಾದ ಮೇಲೂ ಅವರು ಸೌತ್ ಬಿಗೆ ಬರಲಿಲ್ಲ. ಅವರ ಮಗಳೇ ಬಂದು ಸಾಮಾನು ಒಯ್ದಳು. ಅರ್ಧಕ್ಕೆ ನಿಂತ ಕತೆಯಲ್ಲಿ ಮ್ಜೀ ಇನ್ನೂ ಜೈಲಿನಲ್ಲೇ ಇದ್ದರು...

ನಾವು ಮೈಸೂರಿಗೆ ಬಂದ ಮೇಲೆ ಮೇಷ್ಟ್ರು ತೀರಿಕೊಂಡರೆಂದು ತಿಳಿಯಿತು. ಅವರಂಥ ನೆರೆಯವರು ನನಗೆ ಮತ್ತೆ ಸಿಕ್ಕಿಲ್ಲ. ಸುದ್ದಿ ಕೇಳಿ ನನ್ನ ಗಂಡ ಎದ್ದು ಒಳಗೆ ಹೋದರು. ಅವತ್ತು ನಿಜವಾಗಿ ಏನು ಹೇಳಲು ಹೊರಟಿದ್ದಿರಿ ಎಂದು ಅವರನ್ನು ನಾನು ಇಂದಿಗೂ ಕೇಳಿಲ್ಲ. ಕೇಳಲು ಭಯ.