ಅಟ್ಟಕ್ಕೆ ಹಾಕಿದ ಕ್ಯಾಸೆಟ್ಟು

"ಸ್ವಲ್ಪ ತಡಿ, ನೋಡಾಣ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗಿರಿಜಾಂಬಿಕಾಗೆ ವಾಕರಿಕೆ ಬಂದಂತಾಗುತ್ತದೆ. ಮದುವೆಯಾಗಿ ನೊಣವಿನಕೆರೆ ಹತ್ತಿರದ ಈ ತೋಟದ ಮನೆಗೆ ಬಂದಾಗಿನಿಂದ ಅವಳು ಅದನ್ನು ಕೇಳುತ್ತಲೇ ಇದ್ದಾಳೆ. ಹೇಳುವವನು ಅವಳ ಗಂಡ ಸದಾಶಿವಯ್ಯ. ಕುಡಿತವಿಲ್ಲ, ಇಸ್ಪೀಟಿಲ್ಲ, ಒಬ್ಬರ ತಂಟೆಗೆ ಹೋದವನಲ್ಲ. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಬಳಿದು ತೋಟಕ್ಕೊಂದು ಸುತ್ತು ಹಾಕಿ ಬಂದು ಜಗಲಿಯಲ್ಲಿ ಕೂತನೆಂದರೆ ಅವನಷ್ಟು ಸಾಧು ಮನುಷ್ಯ ಸೀಮೆಯಲ್ಲೇ ಇಲ್ಲ. ಇಂಥವನನ್ನು ಬೈದರೆ ಬೈದವರಿಗೇ ಕೆಟ್ಟ ಹೆಸರು. ಹಾಗಾಗಿ ಅವಳ ಅಸಹ್ಯ ಹೊರಗೆ ಬರಲು ದಾರಿಯಿಲ್ಲದೆ ಇಷ್ಟು ವರ್ಷ ಒಳಗೇ ಹುಳಿಯುತ್ತಾ ಬಂದಿದೆ.

ತಡೆಯುವುದನ್ನು ಅವನಿಗೆ ಕಲಿಸಿದ್ದು ತೆಂಗು. ಈ ಕಡೆಯವರು ಕಾಯಿ ಕೆಡವಿದ ತಕ್ಷಣ ಮಾರುವ ಜನವಲ್ಲ. ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ವರ್ಷವೊಪ್ಪತ್ತು ಬಿದ್ದ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವಂತಾದಾಗ ಇಳಿಸಿ, ಸುಲಿದು, ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಆಮೇಲೂ ತಿಪಟೂರಿನಲ್ಲಿ ದರ ಏರಲಿ ಎಂದು ಕಾಯುತ್ತಾರೆ. ಸದಾಶಿವಯ್ಯ ಈ ಕಾಯುವುದರಲ್ಲಿ ಹೆಸರು ಮಾಡಿದವನು. ಎಲ್ಲರೂ ಮಾರಿ ಕೈ ತೊಳೆದುಕೊಂಡ ಮೇಲೆ ದರ ಏರಿದ್ದು ಒಂದೆರಡು ಸಲ ಉಂಟು, ಆಗೆಲ್ಲ ಮಾಲು ಉಳಿದಿದ್ದದ್ದು ಅವನ ಅಟ್ಟದಲ್ಲಿ ಮಾತ್ರ. ತಾಳಿದವನು ಬಾಳಿಯಾನು ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ದರ ಬಿದ್ದು ಮಣ್ಣು ಮುಕ್ಕಿದ ವರ್ಷಗಳ ಸುದ್ದಿಯನ್ನು ಅವನೂ ಎತ್ತುವುದಿಲ್ಲ, ಎದುರಿಗಿರುವವರೂ ಮರ್ಯಾದೆಗೆ ಎತ್ತುವುದಿಲ್ಲ. ಕೊಬ್ಬರಿಗಷ್ಟೇ ಆಗಿದ್ದರೆ ಗಿರಿಜಾಂಬಿಕಾಳೂ ಸುಮ್ಮನಿರುತ್ತಿದ್ದಳು. ಆದರೆ ಅದೇ ಲೆಕ್ಕವನ್ನು ಅವನು ವಿಡಿಯೋ ಕ್ಯಾಸೆಟ್ಟಿಗೂ ಹಚ್ಚಿದ.

ಕ್ಯಾಸೆಟ್ಟು ಅವಳ ನಾದಿನಿಯ ಮದುವೆಯದು. ಆ ಕಾಲಕ್ಕೆ ಈ ಊರುಗಳಲ್ಲಿ ಮದುವೆಗೆ ವಿಡಿಯೋ ತೆಗೆಸುವುದೇ ದೊಡ್ಡ ಸುದ್ದಿ. ಸದಾಶಿವಯ್ಯ ತಂಗಿಯ ಮದುವೆಯ ಹುರುಪಿನಲ್ಲಿ ಕ್ಯಾಸೆಟ್ಟು ಹಾಕಿ ನೋಡುವ ಪ್ಲೇಯರನ್ನೂ ಕೊಂಡುಬಿಟ್ಟ. ಜನ್ಮದಲ್ಲಿ ತಡೆಯದೆ ಕೊಂಡ ವಸ್ತು ಅದೊಂದೇ. ಆ ಕ್ಯಾಸೆಟ್ಟಿನಲ್ಲಿ, ಅರಿಶಿನ ಶಾಸ್ತ್ರದ ಹೊತ್ತಿನಲ್ಲಿ, ಗಿರಿಜಾಂಬಿಕಾ ಒಂದು ಹಾಡು ಹೇಳಿದ್ದಾಳೆ. ಅವಳ ತವರು ಹಂದನಕೆರೆ. ಅಲ್ಲಿ ಅವಳ ಅವ್ವ ಕಟ್ಟಿ ಹೇಳುತ್ತಿದ್ದ ಹಾಡು ಅದು, ಬೇರೆ ಯಾರ ಬಾಯಲ್ಲೂ ಇಲ್ಲ. ಅವಳು ಹಾಡಲು ಕೂತರೆ ಅಡುಗೆಯವರು ಸೌಟು ಹಿಡಿದುಕೊಂಡೇ ಚಪ್ಪರದ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹೀಗೆ ಹೇಳಿಕೊಳ್ಳುವುದಕ್ಕೆ ಅವಳಿಗೇನೂ ಸಂಕೋಚವಿಲ್ಲ, ಏಕೆಂದರೆ ಆ ಗಂಟಲು ಈಗ ಅವಳದಲ್ಲ. ಗಂಟಲಲ್ಲಿ ಗಡ್ಡೆಯಾಗಿ ಹಾಸನದಲ್ಲಿ ಆಪರೇಷನ್ ಆದ ಮೇಲೆ ಜೀವ ಉಳಿಯಿತು, ದನಿ ಹೋಯಿತು. ಈಗ ಬರುವುದು ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಸದ್ದು. ತನ್ನ ದನಿ ತನಗೇ ಹೇಸಿಗೆಯಾಗಿ ಅವಳು ಹಾಡುವುದಿರಲಿ, ಮಂಗಳಾರತಿಯ ಹೊತ್ತಿಗೆ ಗುನುಗುವುದನ್ನೂ ಬಿಟ್ಟಳು.

ಆ ಹೊತ್ತಿಗೆ ಪ್ಲೇಯರು ಕೆಟ್ಟು ಮೂಲೆ ಸೇರಿತ್ತು. ಆ ಮದುವೆಗೆ ಕ್ಯಾಮೆರಾ ಹಿಡಿದಿದ್ದ ಶಿವರಾಜು ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವನು, ಕ್ಯಾಸೆಟ್ಟು ಕೊಡಿ, ಸಿ.ಡಿ. ಮಾಡಿಕೊಡುತ್ತೇನೆ ಅಂದ. ಸದಾಶಿವಯ್ಯ ಸ್ವಲ್ಪ ತಡಿ ಅಂದ. ಅಷ್ಟರಲ್ಲಿ ಡಿ.ವಿ.ಡಿ. ಬಂತು. ಆಗ ಅವನ ಮುಖ ನೋಡಬೇಕಿತ್ತು. ಸಿ.ಡಿ. ಮಾಡಿಸಿಕೊಂಡಿದ್ದ ನೆಂಟರನ್ನೆಲ್ಲ ಕಂಡು ಕಂಡು ಕನಿಕರ ಪಟ್ಟ. ಡಿ.ವಿ.ಡಿ.ಗಾದರೂ ಹಾಕಿಸಿ ಅಂದರೆ ಪೆನ್ ಡ್ರೈವ್ ಬರುತ್ತಿದೆಯಂತೆ ಅಂದ. ಪೆನ್ ಡ್ರೈವ್ ಬಂದರೆ ಕಡ್ಲೆಕಾಯಿಯಷ್ಟಿದೆ, ಯಾವ ಜೇಬಿನಲ್ಲಿ ಕಳೆದುಹೋಗುತ್ತದೋ ಅಂದ. ಮಗ ಜ್ಞಾನೇಶ, ಈಗೆಲ್ಲ ಇಂಟರ್‌ನೆಟ್ಟಿನಲ್ಲೇ ಇಟ್ಟುಬಿಡಬಹುದಪ್ಪ ಎಂದು ತಿಳಿಸಿ ಹೇಳಿದಾಗ, ಕಣ್ಣಿಗೆ ಕಾಣದ ಅಟ್ಟಕ್ಕೆ ಯಾರಾದರೂ ಮಾಲು ಹಾಕುತ್ತಾರೇನೋ ಎಂದು ನಕ್ಕ.

"ಎಲ್ಲಾ ಒಂದು ನೆಲೆಗೆ ನಿಲ್ಲಲಿ ಕಣೇ. ಕಡೇದು ಯಾವ್ದು ಬತ್ತದೋ ಅದಕ್ಕೆ ಒಂದೇ ಸಲ ಹಾಕ್ಸಾಣ" ಎಂಬುದು ಅವನ ತೀರ್ಮಾನ.

ಕಡೆಯದು ಅನ್ನುವುದು ಬರಲೇ ಇಲ್ಲ. ಪ್ರತಿ ಹೊಸ ಮಿಷನ್ನೂ ಹಳೆಯದನ್ನು ಮೂಲೆಗೆ ತಳ್ಳಿ ಅವನ ಮಾತನ್ನೇ ನಿಜ ಮಾಡುತ್ತಾ ಬಂತು. ಪ್ರತಿ ಸಲವೂ ಅವನೇ ಗೆದ್ದ. ಗೆದ್ದು ಗೆದ್ದೇ ಮನೆ ಹಾಳು ಮಾಡುವ ಮನುಷ್ಯ ಹೇಗಿರುತ್ತಾನೆ ಎಂದು ಯಾರಾದರೂ ಕೇಳಿದರೆ ಗಿರಿಜಾಂಬಿಕಾ ಜಗಲಿಯ ಕಡೆ ಬೊಟ್ಟು ಮಾಡಿಯಾಳು.

ಈ ವರ್ಷ ಜ್ಞಾನೇಶನ ಮಗಳು ಇಂಪನಾಳ ಶಾಲೆಯಲ್ಲಿ ಮಕ್ಕಳಿಗೊಂದು ಕೆಲಸ ಹಚ್ಚಿದರು. ಮನೆಯ ಹಿರಿಯರಿಂದ ಒಂದು ಹಾಡು ಕಲಿತು ಬರಬೇಕು, ಶಾಲೆಯ ಹಬ್ಬದಲ್ಲಿ ಹಾಡಬೇಕು. ಅಜ್ಜಿ ಬಹಳ ಚೆನ್ನಾಗಿ ಹಾಡುತ್ತಿದ್ದರಂತೆ ಎಂದು ಅವಳ ತಾಯಿ ಭಾನುಪ್ರಿಯಾ ಹೇಳಿಬಿಟ್ಟಳು. ಹುಡುಗಿ ಬಂದು ತೊಡೆಯ ಮೇಲೆ ತಲೆಯಿಟ್ಟು ಪೀಡಿಸಿತು. ಗಿರಿಜಾಂಬಿಕಾ ಒಪ್ಪಲಿಲ್ಲ. ಈ ಒಡಕು ದನಿಯಲ್ಲಿ ಕಲಿತರೆ ಹಾಡೂ ಒಡಕೇ ಆಗುತ್ತದೆ, ಕ್ಯಾಸೆಟ್ಟಿನಲ್ಲಿ ಇದೆ, ಅದನ್ನು ಕೇಳಿ ಕಲಿ ಅಂದಳು. ಹಾಗೆ ಅಂದ ಮೇಲೆ ಅವಳಿಗೇ ಆಸೆ ಹತ್ತಿಕೊಂಡಿತು. ಈ ಮಗು ಹುಟ್ಟುವ ಮೊದಲೇ ಹೋದ ದನಿ ಅದು. ತನ್ನ ಅಜ್ಜಿ ಅಂದರೆ ಕರಕರ ಅನ್ನುವ ಗಂಟಲು ಎಂದಷ್ಟೇ ತಿಳಿದ ಈ ಕಿವಿಯಲ್ಲಿ ಆ ಹಾಡು ಒಮ್ಮೆಯಾದರೂ ಬೀಳಬೇಕು. ಬದುಕಿನಲ್ಲಿ ಬೇರೇನನ್ನೂ ಅವಳು ಇಷ್ಟು ಬಯಸಿದ್ದಿಲ್ಲ.

ಅದೇ ಸಮಯಕ್ಕೆ ಜ್ಞಾನೇಶ ಹೊಸ ಟಿ.ವಿ. ಕೊಳ್ಳಲು ಎಲ್ಲರನ್ನೂ ತಿಪಟೂರಿಗೆ ಕರೆದುಕೊಂಡು ಹೋದ. ಅಂಗಡಿಯ ಗೋಡೆಯುದ್ದಕ್ಕೂ ಟಿ.ವಿ.ಗಳು, ಒಂದೊಂದರಲ್ಲೂ ಜಲಪಾತ, ಹಣ್ಣಿನ ಮೇಲೆ ನೀರಿನ ಹನಿ, ಮುಖದ ಮೇಲಿನ ಒಂದೊಂದು ರೋಮ. ಇಷ್ಟು ಕಣ್ಣು ಕುಕ್ಕುವಂತೆ ಕಂಡು ಯಾರಿಗೆ ಏನಾಗಬೇಕಾಗಿದೆಯೋ ಎಂದು ಗಿರಿಜಾಂಬಿಕಾ ಮುಖ ಸಿಂಡರಿಸಿದಳು. ಹಳೆಯ ಪ್ಲೇಯರನ್ನು ರಿಪೇರಿ ಮಾಡಿಸಿದರೆ ಇದಕ್ಕೆ ಹಾಕಬಹುದೇ ಎಂದು ಕೇಳಿದಳು. ಅದರ ವೈರು ಸಿಕ್ಕಿಸುವ ತೂತೇ ಈಗಿನ ಟಿ.ವಿ.ಗಳಲ್ಲಿ ಇಲ್ಲವೆಂದ ಅಂಗಡಿಯವನು. ಇದು ಫೋರ್ ಕೆ, ಮುಂದೆ ಇದಕ್ಕಿಂತ ಸ್ಪಷ್ಟ ಕಾಣುವ ಏಯ್ಟ್ ಕೆ ಬರುತ್ತದೆ ಎಂದೂ ಸೇರಿಸಿದ. ಆ ಹಾಳು ಬಾಯಿಗೆ ಅಷ್ಟು ಹೇಳದಿದ್ದರೆ ಏನಾಗುತ್ತಿತ್ತೋ. ಸದಾಶಿವಯ್ಯನ ಕಿವಿ ನೆಟ್ಟಗಾಯಿತು. ಟಿ.ವಿ.ಯೂ ಬೇಡ, ಕ್ಯಾಸೆಟ್ಟೂ ಈಗ ಬೇಡ, ಏಯ್ಟ್ ಕೆ ಬರಲಿ, ಎರಡಕ್ಕೂ ಒಂದೇ ಸಲ ಕೈ ಹಾಕೋಣ ಅಂದ. ಜ್ಞಾನೇಶ ಅಪ್ಪನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಟಿ.ವಿ. ಕೊಂಡ. ದಾರಿಯುದ್ದಕ್ಕೂ ಗಂಡ ಮಗನ ಆತುರದ ಬಗ್ಗೆ ಗೊಣಗುತ್ತಿದ್ದರೆ ಗಿರಿಜಾಂಬಿಕಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅವನ ಉಸಿರು ತಾಕುವುದೂ ಅವಳಿಗೆ ಬೇಡವಾಗಿತ್ತು.

ಮಾರನೆಯ ದಿನ ಅವನು ತೋಟಕ್ಕೆ ಹೋದ ಹೊತ್ತು ನೋಡಿ ಅವಳೇ ಏಣಿ ಇಟ್ಟುಕೊಂಡು ಅಟ್ಟ ಹತ್ತಿದಳು. ಕ್ಯಾಸೆಟ್ಟು ಬೀರುವಿನಲ್ಲಿದ್ದರೆ ಶೀತ ಹಿಡಿಯುತ್ತದೆ ಎಂದು ಅವನು ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಕಾಯಿಗಳ ನಡುವೆ ಹುಗಿದಿಟ್ಟಿದ್ದ. ಅಟ್ಟಕ್ಕೆ ಹಾಕಿದ್ದು ಹದವಾಗುತ್ತದೆಯೇ ಹೊರತು ಕೆಡುವುದಿಲ್ಲ ಎಂಬುದು ಅವನ ನಂಬಿಕೆ. ಈ ಸೀಮೆಯ ಯಾವ ಗಂಡಸೂ ಹೀಗೇ ನಂಬಿಯಾನು. ಆದರೆ ಪ್ರತಿ ವರ್ಷ ಅಟ್ಟದಲ್ಲಿ ಒಂದಷ್ಟು ಕಾಯಿ ಕೊಳೆತು ಸೋರುತ್ತವೆ ಎಂಬುದೂ ಅವರಿಗೆ ಗೊತ್ತು. ಪಂಚೆ ಕಮಟು ಎಣ್ಣೆ ಕುಡಿದು ತೊಗಲಿನಂತಾಗಿತ್ತು. ಬಿಡಿಸಿದರೆ ಒಳಗಿಂದ ಜಿರಳೆಗಳು ಹರಿದವು. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ಇಣುಕಿದರೆ ಸುತ್ತಿದ ಪಟ್ಟಿಯ ಅಂಚಿಗೆಲ್ಲ ಬಿಳಿ ಬೂಷ್ಟು. ಕೊಳೆತ ಕಾಯಿಯ ನಾತ ಮೂಗಿಗೆ ಹೊಡೆದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅದನ್ನು ಹಾಗೇ ತಂದು, ತೋಟದಿಂದ ಬಂದ ಗಂಡನ ಮುಂದೆ ಕುಕ್ಕಿದಳು. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಒರೆಸಿದ್ರೆ ಹೋಯ್ತದೆ ಬುಡು" ಅಂದ.

ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ತಿಪಟೂರಿಗೆ ಹೋದಳು. ಶಿವರಾಜು ಈಗ ಮುದುಕನಾಗಿದ್ದ. ಮದುವೆಯ ಕೆಲಸ ಬಿಟ್ಟು ಶುಭ ಕೋರುವ ಫ್ಲೆಕ್ಸುಗಳನ್ನು ಮುದ್ರಿಸಿಕೊಂಡಿದ್ದ. ಆದರೂ ಹಳೆಯ ಪ್ಲೇಯರೊಂದನ್ನು ಇಟ್ಟುಕೊಂಡಿದ್ದ. ಕ್ಯಾಸೆಟ್ಟು ನೋಡಿ ಅವನು ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯ. ಬಿಚ್ಚಿ, ತೊಳೆದು, ಬರುವಷ್ಟು ತೆಗೆದುಕೊಡುತ್ತೇನೆ, ಬಿಟ್ಟು ಹೋಗಿ ಎಂದ. ವಾರ ಕಳೆದು ಹೋದಾಗ ಪೆನ್ ಡ್ರೈವ್ ಕೈಗಿಟ್ಟು, ಅವಳ ಮುಖ ನೋಡದೆ ವಿಷಯ ಹೇಳಿದ. ಈ ಪಟ್ಟಿಗಳಲ್ಲಿ ಚಿತ್ರ ನಡುವೆ ಇರುತ್ತದೆ, ಶಬ್ದ ಅಂಚಿನಲ್ಲಿ ಒಂದು ದಾರದಷ್ಟು ಜಾಗದಲ್ಲಿ ಇರುತ್ತದೆ. ಬೂಷ್ಟು ತಿಂದಿರುವುದು ಅಂಚನ್ನು. ಚಿತ್ರ ತಕ್ಕಮಟ್ಟಿಗೆ ಬಂದಿದೆ, ಶಬ್ದ ಬಂದಿಲ್ಲ. ಸಿ.ಡಿ. ಕಾಲದಲ್ಲೇ ಕೊಟ್ಟಿದ್ದರೆ ಎಂದು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅವಳ ಮನೆಯಲ್ಲಿ ಕೆಟ್ಟದ್ದು ಮಾತ್ರ ಆಯಿತು, ಬುದ್ಧಿ ಇನ್ನೂ ಬರಬೇಕಿತ್ತು.

ಭಾನುವಾರ ತಿಂಡಿಯಾದ ಮೇಲೆ ಮನೆಮಂದಿಯೆಲ್ಲ ಹೊಸ ಟಿ.ವಿ.ಯ ಮುಂದೆ ಕೂತರು. ಶಬ್ದವಿಲ್ಲ ಎಂದು ಗಿರಿಜಾಂಬಿಕಾ ಯಾರಿಗೂ ಹೇಳಿರಲಿಲ್ಲ. ಹೇಳಲು ಅವಳಿಗೇ ನಂಬಿಕೆ ಬಂದಿರಲಿಲ್ಲ. ಗೋಡೆಯಷ್ಟು ಅಗಲದ ತೆರೆಯ ಮೇಲೆ ಮಸುಕು ಮಸುಕಾಗಿ ಚಪ್ಪರ ಬಂತು, ನಾದಿನಿ ಬಂದಳು, ಆಮೇಲೆ ಕೈತುಂಬ ಅರಿಶಿನ ಮೆತ್ತಿಕೊಂಡ ತೆಳ್ಳನೆಯ ಹೆಂಗಸೊಬ್ಬಳು ಬಂದಳು. ಅದು ಅಜ್ಜಿ ಎಂದು ಇಂಪನಾ ನಂಬಲಿಲ್ಲ. ಆ ಹೆಂಗಸು ಕತ್ತು ಕೊಂಚ ಓರೆ ಮಾಡಿ ಬಾಯಿ ತೆರೆದಳು. ತುಟಿಗಳು ಆಡಿದವು, ಸುತ್ತಲಿನ ಹೆಂಗಸರು ತಲೆದೂಗಿದರು, ಅಡುಗೆಯವನು ನಿಜಕ್ಕೂ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಂಪನಾ ರಿಮೋಟು ಹಿಡಿದು ಶಬ್ದ ಏರಿಸುತ್ತಲೇ ಇದ್ದಳು. ಜ್ಞಾನೇಶ ಎದ್ದು ವೈರು ಮುಟ್ಟಿ ನೋಡಿದ. ಕೊನೆಗೆ ಗಿರಿಜಾಂಬಿಕಾ ಬಾಯಿ ಬಿಟ್ಟು ಹೇಳಬೇಕಾಯಿತು.

ತೆರೆಯ ಮೇಲೆ ಅವಳ ಹಿಂದೆಯೇ, ಕಂಬಕ್ಕೊರಗಿ, ಬಿಳಿ ಪಂಚೆಯ ಸದಾಶಿವಯ್ಯ ನಿಂತಿದ್ದ. ಅವಳು ತೆರೆಯನ್ನು ಬಿಟ್ಟು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿದಳು.

"ಅಲ್ಲೇ ನಿಂತಿದ್ದೀರಲ್ಲ. ಯಾವ ಹಾಡು ಅದು, ಹೇಳಿ."

ಸದಾಶಿವಯ್ಯ ಕತ್ತು ಕೆರೆದುಕೊಂಡ. ತೆರೆಯನ್ನು ನೋಡಿದ, ಫ್ಯಾನನ್ನು ನೋಡಿದ.

"ಯಾವ್ದೋ ಸೋಬಾನೆ ಪದ ಇರ್ಬೇಕು ಕಣೇ" ಅಂದ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ಅವಳು ಎಷ್ಟೋ ಸಲ ಬೇರೆಯವರಿಗೆ ಅಂದಿದ್ದಳು. ಇಷ್ಟು ವರ್ಷ ಪಂಚೆಯಲ್ಲಿ ಸುತ್ತಿ ಕಾದದ್ದು, ಸಿ.ಡಿ.ಯೋ ಡಿ.ವಿ.ಡಿ.ಯೋ ಎಂದು ಜಗಲಿಯಲ್ಲಿ ಕೂತು ವಾದ ಮಾಡಿದ್ದು, ಗೆದ್ದದ್ದು, ಎಲ್ಲ ಒಂದು ಹಾಡಿಗಾಗಿ ಎಂದು ಅವಳು ತಿಳಿದಿದ್ದಳು. ಅವನು ಅದನ್ನು ಕೇಳಿಯೇ ಇರಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಅಟ್ಟದ ನಾತ ಮತ್ತೆ ಮೂಗಿಗೆ ಬಂದಂತಾಯಿತು.

ಏನೋ ತಪ್ಪಾಯಿತು ಎಂದು ಅವನಿಗೂ ಅನ್ನಿಸಿರಬೇಕು. ಹೋಗಲಿ ಬುಡು, ಈಗಲೇ ಒಂದು ಸಲ ಹಾಡು, ನಾನೇ ಫೋನಿನಲ್ಲಿ ಹಿಡಿಯುತ್ತೇನೆ ಎಂದು ಮಗನ ಫೋನು ಇಸಿದುಕೊಂಡ. ಹಿಡಿದವನು ಅಡ್ಡಕ್ಕೆ ಹಿಡಿಯಬೇಕೋ ಉದ್ದಕ್ಕೋ ಎಂದು ಕೇಳಿದ. ಫೋರ್ ಕೆ ಇದ್ದರೆ ಅದಕ್ಕೇ ಇಡು, ಮುಂದೆ ದೊಡ್ಡ ಟಿ.ವಿ. ಬಂದಾಗ ಮಸುಕಾಗಬಾರದು ಅಂದ. ಹಾಗೆ ಇಟ್ಟರೆ ಜಾಗ ಸಾಲುವುದಿಲ್ಲ, ಏನಾದರೂ ಅಳಿಸಬೇಕು ಎಂದ ಜ್ಞಾನೇಶ. ಯಾವುದನ್ನು ಅಳಿಸುವುದು ಎಂದು ಅಪ್ಪ ಮಗ ತಲೆಗೆ ತಲೆ ಕೊಟ್ಟು ಕೂತರು.

ಗಿರಿಜಾಂಬಿಕಾ ಅವರನ್ನು ನೋಡಿದಳು. ತನ್ನ ದನಿಯ ಮೇಲೆ ತನಗಿದ್ದ ಹೇಸಿಗೆ ಇದರ ಮುಂದೆ ಏನೇನೂ ಅಲ್ಲ ಅನ್ನಿಸಿತು. ಇಂಪನಾಳನ್ನು ಹತ್ತಿರ ಎಳೆದುಕೊಂಡು, ಗಂಟಲು ಸರಿ ಮಾಡಿಕೊಳ್ಳದೆಯೇ ಹಾಡಿದಳು.

"ಅರಿಶಿನದ ಕೈ ತೊಳೀಬ್ಯಾಡ ತಂಗ್ಯಮ್ಮ, ತವರಿನ ಗಿಣಿ ಗುರುತು ಮರೆತಾವು..."

ದನಿ ಕರಕರ ಅಂದಿತು, ಎರಡು ಕಡೆ ಮುರಿಯಿತು, ಮೇಲಕ್ಕೆ ಹೋಗಬೇಕಾದಲ್ಲಿ ಬರೀ ಗಾಳಿ ಬಂತು. ಆ ಗಾಳಿ ಯಾವ ಸ್ವರವಾಗಬೇಕಿತ್ತೋ ಅದನ್ನು ಅವಳು ಕೈ ಮೇಲೆತ್ತಿ ತೋರಿಸಿದಳು. ಹುಡುಗಿ ಅದನ್ನು ತನ್ನ ದನಿಯಲ್ಲಿ ಹಿಡಿಯಿತು. ಎರಡನೆಯ ನುಡಿಗೆ ಇಂಪನಾಳ ತುಟಿಯೂ ಆಡುತ್ತಿತ್ತು, ಮೂರನೆಯದಕ್ಕೆ ಇಬ್ಬರೂ ಒಟ್ಟಿಗೆ ಹಾಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಭಾನುಪ್ರಿಯಾ ಒದ್ದೆ ಕೈಯಲ್ಲೇ ನಿಂತಿದ್ದಳು. ಹಾಡು ಮುಗಿಯಿತು. ಅಜ್ಜಿ ಮೊಮ್ಮಗಳ ತಲೆಗೂದಲು ನೇವರಿಸಿ ಎದ್ದು ನಿಂತಳು.

ಸದಾಶಿವಯ್ಯ ಫೋನಿನಿಂದ ತಲೆಯೆತ್ತಿದ.

"ಹೂಂ, ಎಲ್ಲಾ ಸರಿಯಾಯ್ತು ಕಣೇ. ಈಗ ಶುರು ಮಾಡು" ಅಂದ.

"ಅಜ್ಜಿ ಹಾಡಿ ಆಯ್ತು, ತಾತ" ಎಂದಳು ಇಂಪನಾ.